ಮೂರನೇ ಪಾಯಿಂಟಿನ ಕಾಟ, ಒಂದು ಹಳದಿ ವೈರು

ಜೂನ್ ಕೊನೆಯ ವಾರದಿಂದ ನನ್ನ ಮಾದರಿ ರೈಲಿನ ಟೇಬಲ್ ಮೇಲೆ ಒಂದೇ ಕಾಟ. ಗಾಡಿಗಳೆಲ್ಲ ಚೆನ್ನಾಗಿ ಓಡುತ್ತಿರುತ್ತವೆ. ಮೂರನೇ ಪಾಯಿಂಟನ್ನು, ಅಂದರೆ ಹಳಿ ಎರಡಾಗಿ ಕವಲೊಡೆಯುವ ಜಾಗವನ್ನು, ಲೂಪ್ ಲೈನಿಗೆ (ಮೇನ್ ಲೈನಿನ ಪಕ್ಕದ ಹಳಿಗೆ) ತಿರುಗಿಸಿದ ತಕ್ಷಣ ಎಲ್ಲವೂ ಟಕ್ ಅಂತ ನಿಲ್ಲುತ್ತವೆ. ಹಳಿಗೆ ಕರೆಂಟ್ ಕೊಡುವ ಬೂಸ್ಟರಿನ ಕೆಂಪು ದೀಪ ಹತ್ತುತ್ತದೆ, ಒಂದೆರಡು ಸೆಕೆಂಡ್ ಬಿಟ್ಟು ಆರುತ್ತದೆ, ಗಾಡಿಗಳು ಒಂದು ಸಲ ಜಗ್ಗಿ ಮತ್ತೆ ಹೊರಡುತ್ತವೆ. ಹತ್ತು ಸಲ ತಿರುಗಿಸಿದರೆ ಮೂರು ಸಲ ಹೀಗೆ. ಉಳಿದ ಏಳು ಸಲ ಏನೂ ಆಗುವುದಿಲ್ಲ. ಯಾವಾಗಲೂ ಕೈಕೊಡುವ ದೋಷವಾದರೆ ಅರ್ಧ ಗಂಟೆಯಲ್ಲಿ ಹುಡುಕಬಹುದು. ಆಗಾಗ ಮಾತ್ರ ಮುಖ ತೋರಿಸಿ ಮಾಯವಾಗುವ ದೋಷವೇ ನಿದ್ದೆ ಕೆಡಿಸುವುದು, ಅಲ್ವಾ?

ನನಗೆ ಇದು ಸರಿಹೋಗಲು ಆರು ವಾರ ಬೇಕಾಯಿತು. ಕಾರಣ ಸಿಕ್ಕ ಮೇಲೆ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ, ಯಾಕೆಂದರೆ ಕನ್ನಡದಲ್ಲಿ ಈ ವಿಷಯ ಹುಡುಕಿದಾಗ ನನಗೆ ಏನೂ ಸಿಗಲಿಲ್ಲ. ಇನ್ನೊಬ್ಬರಿಗೆ ಸಿಗಲಿ.

ಮೊದಲು ಜಾಗದ ವಿವರ. ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆ. ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲದ ಪ್ಲೈವುಡ್. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಎಡಕುಮೇರಿ ಸ್ಟೇಷನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಆ ಘಾಟಿಯಲ್ಲಿ 57 ಸುರಂಗಗಳಿವೆ, ನನ್ನ ಹಲಗೆಯಲ್ಲಿ ಎರಡು. ಅಲ್ಲಿ ಪ್ರತಿ 50 ಮೀಟರಿಗೆ 1 ಮೀಟರ್ ಏರು, ನನ್ನದು ಪೂರ್ತಿ ಸಮತಟ್ಟು. ಆದರೂ ಹಸಿರು ಗುಡ್ಡ, ಒದ್ದೆ ಕಲ್ಲು, ಒಂಟಿ ಸ್ಟೇಷನ್, ಎದುರು ಗಾಡಿಗೆ ಕಾಯುತ್ತಾ ನಿಂತ ಗೂಡ್ಸ್, ಇಷ್ಟು ಇದ್ದರೆ ನನಗೆ ಸಾಕು. ಮೇನ್ ಲೈನ್, ಲೂಪ್, ಎರಡು ಚಿಕ್ಕ ಸೈಡಿಂಗ್. ಒಟ್ಟು ಐದು ಪಾಯಿಂಟ್.

ಅಳತೆ ಎಚ್‌ಒ, ಅಂದರೆ 87ರಲ್ಲಿ 1. ಹಳಿಗಳ ನಡುವೆ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ. ಹಾಗಾಗಿ ನನ್ನ ಹಳಿ ನಿಜಕ್ಕಿಂತ ಕಿರಿದು. ಇದು ನನ್ನ ಕಣ್ಣಿಗೆ ಈಗಲೂ ಚುಚ್ಚುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಪಾಯಿಂಟ್‌ಗಳೆಲ್ಲ 16.5ರವು, ಐದು ಪಾಯಿಂಟನ್ನೂ ಕೈಯಲ್ಲೇ ಕಟ್ಟುವಷ್ಟು ಬಿಡುವು ನನಗಿಲ್ಲ.

ಈಗ ಪಾಯಿಂಟ್ ಯಾಕೆ ಇಷ್ಟು ಕಷ್ಟ ಕೊಡುತ್ತದೆ ಅನ್ನುವುದು. ನಮ್ಮ ಮಾದರಿ ರೈಲಿನಲ್ಲಿ ಎರಡು ಹಳಿಗಳೇ ಎರಡು ವೈರು. ಎಡಗಡೆಯದು ಕೆಂಪು, ಬಲಗಡೆಯದು ಕಪ್ಪು ಅಂತ ಇಟ್ಟುಕೊಳ್ಳಿ. ನೇರ ಹಳಿಯಲ್ಲಿ ಅವೆರಡೂ ಎಂದೂ ಸೇರುವುದಿಲ್ಲ. ಪಾಯಿಂಟ್‌ನಲ್ಲಿ ಮಾತ್ರ ಒಂದು ದಾರಿಯ ಎಡಹಳಿ ಇನ್ನೊಂದು ದಾರಿಯ ಬಲಹಳಿಯನ್ನು ದಾಟಲೇಬೇಕು. ಆ ದಾಟುವ ಜಾಗಕ್ಕೆ ಹವ್ಯಾಸದವರು ಫ್ರಾಗ್ ಅನ್ನುತ್ತಾರೆ, ನಮ್ಮ ರೈಲ್ವೆಯವರು ಕ್ರಾಸಿಂಗ್ ಅನ್ನುತ್ತಾರೆ. ಗಾಡಿ ನೇರ ಹೋಗುವಾಗ ಆ ತುಂಡು ಕಪ್ಪು ಆಗಬೇಕು, ತಿರುಗುವಾಗ ಅದೇ ತುಂಡು ಕೆಂಪು ಆಗಬೇಕು. ಮಾದರಿ ಪಾಯಿಂಟಿನ ವೈರಿಂಗ್ ತಲೆನೋವೆಲ್ಲ ಬಹುಮಟ್ಟಿಗೆ ಈ ಅರ್ಧ ಇಂಚಿನ ಲೋಹದಿಂದಲೇ ಹುಟ್ಟುವುದು.

ಇದಕ್ಕೆ ತಯಾರಕರು ಎರಡು ದಾರಿ ಹಿಡಿದಿದ್ದಾರೆ. ಒಂದು, ಫ್ರಾಗನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿ ಕರೆಂಟೇ ಇಲ್ಲದಂತೆ ಇಡುವುದು. ಇನ್ನೊಂದು, ಫ್ರಾಗನ್ನು ಲೋಹದಲ್ಲೇ ಮಾಡಿ, ಪಾಯಿಂಟ್ ತಿರುಗಿದಂತೆ ಅದರ ಕರೆಂಟನ್ನೂ ತಿರುಗಿಸುವುದು. ಇಂಗ್ಲೆಂಡಿನ ಪೀಕೋದವರು ಮೊದಲನೆಯದಕ್ಕೆ ಇನ್ಸುಲ್‌ಫ್ರಾಗ್, ಎರಡನೆಯದಕ್ಕೆ ಎಲೆಕ್ಟ್ರೋಫ್ರಾಗ್ ಅಂತ ಹೆಸರಿಟ್ಟಿದ್ದಾರೆ. ಪ್ಲಾಸ್ಟಿಕ್‌ನದು ಸುಲಭ. ಆರು ಆಕ್ಸಲ್‌ನ ದೊಡ್ಡ ಡೀಸೆಲ್ ಇಂಜಿನ್‌ಗೆ ಅದು ಗೊತ್ತೇ ಆಗುವುದಿಲ್ಲ, ಎಲ್ಲೋ ಒಂದು ಜೊತೆ ಚಕ್ರಕ್ಕೆ ಕರೆಂಟ್ ಸಿಕ್ಕೇ ಸಿಗುತ್ತದೆ. ಆದರೆ ನಾಲ್ಕು ಚಕ್ರದ ಚಿಕ್ಕ ಶಂಟರ್ (ಸ್ಟೇಷನ್ನಿನಲ್ಲಿ ವ್ಯಾಗನ್‌ಗಳನ್ನು ಅತ್ತಿತ್ತ ಸರಿಸುವ ಇಂಜಿನ್) ನಿಧಾನವಾಗಿ ಬಂದರೆ ಫ್ರಾಗ್ ಮೇಲೆ ನಿಂತುಬಿಡುತ್ತದೆ, ಬೆರಳಿನಿಂದ ತಳ್ಳಬೇಕು. ನನಗೆ ಶಂಟಿಂಗ್ ಅಂದರೆ ಪ್ರಾಣ. ಹಾಗಾಗಿ ಐದೂ ಲೋಹದ ಫ್ರಾಗ್‌ನವನ್ನೇ ತಂದೆ. ಈಗಲೂ ಯಾರಾದರೂ ಕೇಳಿದರೆ ಅದನ್ನೇ ತಗೊಳ್ಳಿ ಅನ್ನುತ್ತೇನೆ.

ಲೋಹದ ಫ್ರಾಗ್ ಕೊಟ್ಟ ಮೊದಲ ಏಟು ಎರಡು ವರ್ಷದ ಹಿಂದಿನದು. ಹಳಿ ಎಲ್ಲ ಜೋಡಿಸಿ, ಕರೆಂಟ್ ಎಲ್ಲ ಕಡೆ ಚೆನ್ನಾಗಿ ಸಿಗಲಿ ಅಂತ ಲೂಪಿನ ಮಧ್ಯಕ್ಕೆ ಒಂದು ಜೊತೆ ಫೀಡರ್ ವೈರು (ಹಳಿಗೆ ಕರೆಂಟ್ ತರುವ ವೈರು), ಮೇನ್ ಲೈನಿನ ಮಧ್ಯಕ್ಕೆ ಒಂದು ಜೊತೆ ಬೆಸುಗೆ ಹಾಕಿದೆ. ಸ್ವಿಚ್ ಹಾಕಿದ ಕೂಡಲೇ ಶಾರ್ಟ್. ಪಾಯಿಂಟ್ ಒಂದು ಕಡೆ ಇದ್ದರೆ ಒಂದು ಜಾಗದ ಶಾರ್ಟ್, ಇನ್ನೊಂದು ಕಡೆ ಇದ್ದರೆ ಮತ್ತೊಂದು ಜಾಗದ್ದು. ಕಾರಣ ಸರಳ. ಪಾಯಿಂಟ್ ಲೂಪಿಗೆ ತಿರುಗಿದಾಗ ಫ್ರಾಗ್ ಕೆಂಪಾಗುತ್ತದೆ. ಆದರೆ ಫ್ರಾಗಿನಿಂದ ಮೇನ್ ಲೈನಿನ ಕಡೆ ಹೋಗುವ ಒಳಹಳಿಗೆ ನನ್ನ ಫೀಡರ್‌ನಿಂದ ಕಪ್ಪು ಬರುತ್ತಿದೆ. ಎರಡನ್ನೂ ಲೋಹದ ಫಿಶ್‌ಪ್ಲೇಟ್, ಅಂದರೆ ಹಳಿ ತುಂಡುಗಳನ್ನು ಜೋಡಿಸುವ ಪಟ್ಟಿ, ಸೇರಿಸಿದೆ. ಶಾರ್ಟ್ ಆಗದೆ ಇನ್ನೇನು ಆದೀತು? ಫ್ರಾಗಿನಿಂದ ಆಚೆ ಹೊರಡುವ ಎರಡು ಒಳಹಳಿಗಳಿಗೂ ಪ್ಲಾಸ್ಟಿಕ್ ಫಿಶ್‌ಪ್ಲೇಟ್ ಹಾಕಬೇಕು. ಪ್ರತಿ ಪಾಯಿಂಟಿಗೆ ಎರಡು, ಒಟ್ಟು ಹತ್ತು. ಹಾಕಿದೆ, ಸರಿಯಾಯಿತು. ಹೊಸಬರಲ್ಲಿ ಹೆಚ್ಚಿನವರು ಮೊದಲು ಮುಗ್ಗರಿಸುವುದು ಇಲ್ಲೇ, ಹಾಗಾಗಿ ಲೋಹದ ಫ್ರಾಗ್ ತಂದ ದಿನವೇ ಪ್ಲಾಸ್ಟಿಕ್ ಫಿಶ್‌ಪ್ಲೇಟಿನ ಒಂದು ಪ್ಯಾಕೆಟ್ಟೂ ತಂದಿಟ್ಟುಕೊಳ್ಳಿ.

ಆಮೇಲೆ ಎರಡು ವರ್ಷ ಆರಾಮಾಗಿತ್ತು. ಈ ವರ್ಷ ಮಾರ್ಚ್‌ನಲ್ಲಿ ಹಳೆಯ ಡಿಸಿ ಕಂಟ್ರೋಲರ್ ತೆಗೆದು ಡಿಸಿಸಿಗೆ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಬದಲಾಯಿಸಿದೆ. ಡಿಸಿಸಿಯಲ್ಲಿ ಹಳಿಗೆ ಯಾವಾಗಲೂ ಪೂರ್ತಿ ಕರೆಂಟ್ ಇರುತ್ತದೆ, ಇಂಜಿನ್ ಒಳಗಿನ ಡಿಕೋಡರ್ ತನಗೆ ಬಂದ ಆಜ್ಞೆ ಓದಿಕೊಂಡು ಓಡುತ್ತದೆ. ಒಂದೇ ಹಳಿಯಲ್ಲಿ ಎರಡು ಇಂಜಿನ್‌ಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸಬಹುದು, ಅದೇ ಅದರ ಸೊಗಸು. ಆದರೆ ನನ್ನ ಬೂಸ್ಟರ್ 5 ಆಂಪಿಯರ್‌ನದು. ಶಾರ್ಟ್ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಕರೆಂಟ್ ಕಡಿಯುತ್ತದೆ, ಕಡಿಯಲೂ ಬೇಕು, ಇಲ್ಲದಿದ್ದರೆ 5 ಆಂಪಿಯರ್ ಒಂದು ಚಿಕ್ಕ ಚಕ್ರದ ಮೂಲಕ ಹರಿದು ಪ್ಲಾಸ್ಟಿಕ್ ಕರಗಿಸುತ್ತದೆ. ಹಳೆಯ ಡಿಸಿ ಕಂಟ್ರೋಲರ್‌ನಲ್ಲಿ ಅದೇ ಕ್ಷಣದ ಶಾರ್ಟ್ ಆದಾಗ ಇಂಜಿನ್ನಿನ ದೀಪ ಒಮ್ಮೆ ಮಿಣಕ್ ಅಂದು ಸುಮ್ಮನಾಗುತ್ತಿತ್ತು. ಬಹುಶಃ ಎರಡು ವರ್ಷವೂ ಆಗುತ್ತಿತ್ತು, ನಾನು ಗಮನಿಸಿರಲಿಲ್ಲ.

ಹುಡುಕಾಟ ಚಕ್ರಗಳಿಂದ ಶುರುವಾಯಿತು. ಪಾಯಿಂಟಿನಲ್ಲಿ ಆಚೀಚೆ ಸರಿದು ದಾರಿ ಬದಲಿಸುವ ಚೂಪು ಹಳಿಗಳೇ ಬ್ಲೇಡ್. ಲೋಹದ ಫ್ರಾಗ್ ಪಾಯಿಂಟಿನಲ್ಲಿ ತೆರೆದಿರುವ ಬ್ಲೇಡಿಗೆ ಪಕ್ಕದ ಹಳಿಯ ವಿರುದ್ಧ ಕರೆಂಟ್ ಇರುತ್ತದೆ. ಹಳಿಯ ಮೇಲೆ ಹೋಗುವ ಚಕ್ರದ ಬೆನ್ನು ಆ ಬ್ಲೇಡನ್ನು ಸವರಿದರೆ ಶಾರ್ಟ್. ಒಂದು ಆಕ್ಸಲ್‌ನ ಎರಡು ಚಕ್ರಗಳ ಬೆನ್ನಿನ ನಡುವೆ ಎಚ್‌ಒದಲ್ಲಿ ಸುಮಾರು 14.5 ಮಿ.ಮೀ. ಇರಬೇಕು, ಕಡಿಮೆ ಇದ್ದರೆ ಸವರುತ್ತದೆ. ಒಂದು ಭಾನುವಾರ ಇಡೀ ದಿನ ಕೂತು ಎಲ್ಲ ವ್ಯಾಗನ್‌ಗಳ ಚಕ್ರ ಅಳೆದೆ. ಎರಡು ವ್ಯಾಗನ್ ತಪ್ಪಿದ್ದವು, ತಿರುಚಿ ಸರಿಮಾಡಿದೆ. ಕಾಟ ಹೋಗಲಿಲ್ಲ. ಹೋಗುವುದೂ ಸಾಧ್ಯವಿರಲಿಲ್ಲ, ಪಾಯಿಂಟಿನ ಹತ್ತಿರ ಒಂದು ಗಾಡಿಯೂ ಇಲ್ಲದಾಗಲೂ ಕೆಂಪು ದೀಪ ಹತ್ತುತ್ತಿತ್ತು. ಅದನ್ನು ಅವತ್ತೇ ಯೋಚಿಸಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ನಮ್ಮ ಬೀದಿಯಲ್ಲಿ ರೈಲ್ವೆ ಸಿಗ್ನಲ್ ವಿಭಾಗದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸಂಜೆ ವಾಕಿಂಗ್ ಮುಗಿಸಿ ಕೆಲವೊಮ್ಮೆ ಮೇಲೆ ಬಂದು ಕೂರುತ್ತಾರೆ, ನನ್ನ ಹೆಂಡತಿ ಕಾಫಿ ಕೊಡುತ್ತಾಳೆ, ಅವರು ನನ್ನ ಸಿಗ್ನಲ್‌ಗಳ ಬಣ್ಣದ ತಪ್ಪು ಹೇಳುತ್ತಾರೆ. ಅವರಿಗೆ ಇದನ್ನು ತೋರಿಸಿದೆ. ಅವರು ಮೊದಲು ಕೇಳಿದ್ದು ಚಕ್ರದ ಬಗ್ಗೆಯೇ, ಬೇರೆ ಕಾರಣಕ್ಕೆ. ದೊಡ್ಡ ರೈಲಿನಲ್ಲಿ ಒಂದು ಆಕ್ಸಲ್ ಎರಡು ಹಳಿಗಳನ್ನು ಸೇರಿಸುವುದೇ ಕೆಲಸ. ಟ್ರ್ಯಾಕ್ ಸರ್ಕ್ಯೂಟ್‌ನಲ್ಲಿ ಹಾಗೆ ಶಾರ್ಟ್ ಆದಾಗಲೇ ರಿಲೇ ಬೀಳುತ್ತದೆ, ಗಾಡಿ ಇದೆ ಅಂತ ಸಿಗ್ನಲ್‌ಗೆ ಗೊತ್ತಾಗುತ್ತದೆ. ನಮ್ಮಲ್ಲಿ ಉಲ್ಟಾ, ಎರಡು ಚಕ್ರಗಳ ನಡುವೆ ಪ್ಲಾಸ್ಟಿಕ್ ಬುಶ್ ಹಾಕಿ ಶಾರ್ಟ್ ತಪ್ಪಿಸುತ್ತೇವೆ. ಆದರೆ ಅವರ ಪಾಯಿಂಟ್‌ಗಳಲ್ಲೂ ಕ್ರಾಸಿಂಗ್ ಸುತ್ತ ಇನ್ಸುಲೇಟೆಡ್ ಜಾಯಿಂಟ್ ಇರುತ್ತದೆ, ಕಾರಣವೂ ನಮ್ಮದೇ. ಇದನ್ನು ಕೇಳಿದಾಗ ನನಗೆ ಬಹಳ ಖುಷಿಯಾಯಿತು. ಮಹಡಿಯ ಮೇಲಿನ ನನ್ನ ಕಷ್ಟವೂ ನಿಜವಾದ ರೈಲಿನ ಕಷ್ಟವೂ ಒಂದೇ ಮನೆತನದವು.

ಆಮೇಲೆ ಅವರು ಕೇಳಿದ ಒಂದು ಪ್ರಶ್ನೆಯೇ ಬಾಗಿಲು ತೆರೆಯಿತು. "ನೋಡಪ್ಪಾ, ಇದು ತಿರುಗುವಾಗ ಮೊದಲು ಯಾವುದು ಬಿಡುತ್ತೆ, ಮೊದಲು ಯಾವುದು ಹಿಡಿಯುತ್ತೆ? ಅದನ್ನ ನೋಡಿದ್ದೀಯಾ?"

ನೋಡಿರಲಿಲ್ಲ. ನನ್ನ ಪಾಯಿಂಟ್‌ಗಳ ಕೆಳಗೆ ಸ್ಲೋ ಮೋಷನ್ ಮೋಟಾರ್‌ಗಳಿವೆ. 12 ವೋಲ್ಟ್ ಕೊಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಒಂದು ಸ್ಪ್ರಿಂಗ್ ತಂತಿಯ ಮೂಲಕ ಬ್ಲೇಡನ್ನು ಆಚೆ ತಳ್ಳುತ್ತವೆ. ಮೋಟಾರಿನ ಒಳಗೇ ಒಂದು ಚೇಂಜ್‌ಓವರ್ ಸ್ವಿಚ್ ಇದೆ, ಅದರಿಂದ ಫ್ರಾಗಿಗೆ ಕೆಂಪೋ ಕಪ್ಪೋ ಹೋಗುತ್ತದೆ. ಆದರೆ ನನ್ನ ಪಾಯಿಂಟ್ ಪೆಟ್ಟಿಗೆಯಿಂದ ತೆಗೆದ ಹಾಗೇ ಇತ್ತು. ಅಂದರೆ ಬ್ಲೇಡೂ ಫ್ರಾಗೂ ಕೆಳಗಡೆ ಒಂದಕ್ಕೊಂದು ಸೇರಿಕೊಂಡಿದ್ದವು. ಹೀಗಾಗಿ ಫ್ರಾಗಿಗೆ ಕರೆಂಟ್ ಎರಡು ಕಡೆಯಿಂದ ಬರುತ್ತಿತ್ತು: ಬ್ಲೇಡ್ ಹಳಿಗೆ ತಾಗುವುದರಿಂದ ಒಂದು, ಮೋಟಾರಿನ ಸ್ವಿಚ್‌ನಿಂದ ಇನ್ನೊಂದು. ಎರಡೂ ಒಂದೇ ಕ್ಷಣದಲ್ಲಿ ಬದಲಾದರೆ ತೊಂದರೆ ಇಲ್ಲ. ಸ್ವಿಚ್ ಮುಂಚೆ ಬದಲಾಗಿ ಬ್ಲೇಡ್ ಇನ್ನೂ ಹಳೆಯ ಹಳಿಗೆ ಅಂಟಿಕೊಂಡಿದ್ದರೆ?

ಪರೀಕ್ಷೆ ಮಾಡಿದ್ದು ಹೀಗೆ. ಎಲ್ಲ ಇಂಜಿನ್, ದೀಪವಿರುವ ಬೋಗಿಗಳನ್ನು ಹಳಿಯಿಂದ ಎತ್ತಿದೆವು, ಇಲ್ಲದಿದ್ದರೆ ಮೀಟರ್ ಅವುಗಳ ಮೂಲಕ ಸುಳ್ಳು ಹೇಳುತ್ತದೆ. ಬೂಸ್ಟರಿನ ಎರಡೂ ವೈರು ಬಿಚ್ಚಿದೆ. ಮಲ್ಟಿಮೀಟರನ್ನು ಬೀಪ್ ಕಡೆಗಿಟ್ಟು ಒಂದು ಮೊನೆ ಎಡಹಳಿಗೆ, ಒಂದು ಮೊನೆ ಬಲಹಳಿಗೆ ಹಿಡಿದೆ. ಮೋಟಾರಿಗೆ 12 ವೋಲ್ಟ್ ಬದಲು ಹಳೆಯ ಫೋನ್ ಚಾರ್ಜರಿನ 5 ವೋಲ್ಟ್ ಕೊಟ್ಟೆವು, ಆಗ ಅದು ಆಮೆಯ ಹಾಗೆ ತೆವಳುತ್ತದೆ. ಮಗಳು ಸ್ವಿಚ್ ಒತ್ತಿದಳು. ನಾನು ಬ್ಲೇಡಿಗೆ ಕಣ್ಣಿಟ್ಟು ಕೂತೆ. ತಂತಿ ಬಾಗುತ್ತಿರುವುದು ಕಾಣುತ್ತಿತ್ತು, ಬ್ಲೇಡ್ ಮಾತ್ರ ಕದಲಲಿಲ್ಲ, ಅಷ್ಟರಲ್ಲಿ ಮೀಟರ್ ಕುಂಯ್ ಅಂತ ಕೂಗಿತು, ಒಂದು ಕ್ಷಣ ಕಳೆದು ಬ್ಲೇಡ್ ಟಪ್ ಅಂತ ಆಚೆ ನೆಗೆಯಿತು, ಕೂಗು ನಿಂತಿತು.

"ಅಪ್ಪಾ, ಸಿಕ್ತು!" ಅಂತ ಅವಳೇ ಮೊದಲು ಕಿರುಚಿದ್ದು.

ಬ್ಲೇಡ್ ಯಾಕೆ ಅಂಟಿಕೊಳ್ಳುತ್ತಿತ್ತು ಅನ್ನುವುದೂ ಗೊತ್ತಾಯಿತು. ಜಲ್ಲಿ ಹಾಕುವಾಗ ನೀರು ಬೆರೆಸಿದ ಬಿಳಿ ಗೋಂದು ಸುರಿದಿದ್ದೆ. ಒಂದು ಹರಳು ಟೈ ಬಾರ್ (ಎರಡೂ ಬ್ಲೇಡುಗಳನ್ನು ಸೇರಿಸುವ ಅಡ್ಡಪಟ್ಟಿ) ಪಕ್ಕದಲ್ಲಿ ಗೋಂದಿನ ಜೊತೆ ಗಟ್ಟಿಯಾಗಿತ್ತು. ಬೇಸಿಗೆಯಲ್ಲಿ ಅದು ಒಣಗಿರುವಾಗ ಟೈ ಬಾರ್ ಸಲೀಸಾಗಿ ಜಾರುತ್ತಿತ್ತು. ಮಳೆ ಹಿಡಿದ ಮೇಲೆ ಗೋಂದು ತೇವ ಎಳೆದುಕೊಂಡು ಮೆತ್ತಗಾಗಿ ಹಿಡಿದುಕೊಳ್ಳುತ್ತಿತ್ತು. ಜೂನ್‌ನಲ್ಲೇ ಕಾಟ ಶುರುವಾದದ್ದು, ಹತ್ತರಲ್ಲಿ ಮೂರು ಸಲ ಮಾತ್ರ ಆಗುತ್ತಿದ್ದದ್ದು, ಒಂದೇ ದಿಕ್ಕಿಗೆ ತಿರುಗಿಸಿದಾಗ ಆಗುತ್ತಿದ್ದದ್ದು, ಎಲ್ಲದಕ್ಕೂ ಒಂದೇ ಹರಳು ಉತ್ತರ.

ಹರಳನ್ನು ಕೆರೆದು ತೆಗೆದರೆ ಅವತ್ತಿಗೆ ಸರಿಹೋಗುತ್ತಿತ್ತು. ಆದರೆ ಮುಂದಿನ ಮಳೆಗಾಲಕ್ಕೆ ಇನ್ನೊಂದು ಹರಳು, ಇನ್ನೊಂದು ಪಾಯಿಂಟ್. ಬ್ಲೇಡ್ ತಡವಾದರೂ ಶಾರ್ಟ್ ಆಗದಂತೆ ವೈರಿಂಗ್ ಇರಬೇಕು ಅಂತ ನಿರ್ಧರಿಸಿದೆ. ಅದಕ್ಕೆ ಬ್ಲೇಡ್‌ಗೂ ಫ್ರಾಗ್‌ಗೂ ಇರುವ ಸಂಬಂಧ ಕಡಿಯಬೇಕು. ಬ್ಲೇಡನ್ನು ಅದರ ಪಕ್ಕದ ಸ್ಟಾಕ್ ರೈಲಿಗೆ, ಅಂದರೆ ಕದಲದ ಹೊರಹಳಿಗೆ, ಶಾಶ್ವತವಾಗಿ ಸೇರಿಸಬೇಕು. ಫ್ರಾಗ್ ಮಾತ್ರ ಒಂಟಿ, ಅದಕ್ಕೆ ಮೋಟಾರಿನ ಸ್ವಿಚ್‌ನಿಂದ ಒಂದೇ ವೈರು. ಆಗ ಚಕ್ರದ ಬೆನ್ನು ತೆರೆದ ಬ್ಲೇಡನ್ನು ಸವರಿದರೂ ಏನೂ ಆಗುವುದಿಲ್ಲ, ಎರಡೂ ಒಂದೇ ಬಣ್ಣ. ಬ್ಲೇಡಿನ ತುದಿಯಲ್ಲಿ ಕೊಳೆ ಕೂತರೂ ಕರೆಂಟ್ ನಿಲ್ಲುವುದಿಲ್ಲ. ಒಂದೇ ಕೆಲಸಕ್ಕೆ ಮೂರು ಲಾಭ.

ಪಾಯಿಂಟ್ ಎತ್ತಿ ತಿರುಗಿಸಿ ನೋಡಿದರೆ ಹೊಟ್ಟೆಯಡಿ ಎರಡು ತೆಳ್ಳನೆ ತಂತಿಗಳು ಬ್ಲೇಡಿನ ಕಡೆಯ ಹಳಿಯನ್ನು ಫ್ರಾಗಿಗೆ ಸೇರಿಸಿರುತ್ತವೆ. ಎಲ್ಲ ಮಾದರಿಗಳಲ್ಲಿ ಹೀಗಿರುವುದಿಲ್ಲ, ಕೆಲವದರಲ್ಲಿ ಹಳಿಯನ್ನೇ ಸಣ್ಣ ಗರಗಸದಿಂದ ಕೊಯ್ಯಬೇಕಾಗುತ್ತದೆ. ನನ್ನದರಲ್ಲಿ ತಂತಿ ಕತ್ತರಿಸಿದರೆ ಸಾಕಿತ್ತು. ಆಮೇಲೆ ಎರಡು ಕಡೆಯೂ ಸ್ಟಾಕ್ ರೈಲಿನಿಂದ ಬ್ಲೇಡಿನ ಕಡೆಯ ಒಳಹಳಿಗೆ ಒಂದೊಂದು ಚಿಕ್ಕ ತಂತಿಯ ಬೆಸುಗೆ. ಇಲ್ಲಿ ಮಾತ್ರ ಕೈ ಚುರುಕಾಗಿರಬೇಕು. ಹಳಿ ನಿಕಲ್ ಸಿಲ್ವರ್, ಹೆಸರಿನಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ, ಬೆಸುಗೆ ಸುಲಭವಾಗಿ ಹಿಡಿಯುತ್ತದೆ. ಕೆಳಗಿನ ಸ್ಲೀಪರ್ ಪ್ಲಾಸ್ಟಿಕ್. ಹಳಿಗೂ ತಂತಿಗೂ ಮೊದಲೇ ಬೇರೆ ಬೇರೆ ಸಾಲ್ಡರ್ ಸವರಿಟ್ಟುಕೊಂಡು, ಚೆನ್ನಾಗಿ ಕಾದ ಐರನ್ ಅನ್ನು ಎರಡು ಸೆಕೆಂಡ್ ಇಟ್ಟು ತೆಗೆದುಬಿಡಬೇಕು. ಐರನ್ ಸಾಕಷ್ಟು ಕಾದಿಲ್ಲದಿದ್ದರೆ ಜಾಸ್ತಿ ಹೊತ್ತು ಹಿಡಿಯುತ್ತೀರಿ, ಆಗಲೇ ಸ್ಲೀಪರ್ ಕರಗುವುದು.

ಫ್ರಾಗಿಗೆ ಹಳದಿ ವೈರು ಹಾಕಿದೆ. ಮೊದಲು ಹಸಿರು ಅಂದುಕೊಂಡಿದ್ದೆ, ಆದರೆ ನಮ್ಮ ಮನೆಗಳಲ್ಲಿ ಹಸಿರು ಅಂದರೆ ಅರ್ಥ್. ಕಡಿಮೆ ವೋಲ್ಟೇಜ್ ಆದರೂ ಆ ಬಣ್ಣವನ್ನು ಬೇರೆ ಕೆಲಸಕ್ಕೆ ಬಳಸಲು ಮನಸ್ಸಾಗಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ ಹಳದಿ ಒಂದು ಸುರುಳಿ ತಂದೆ. ಈಗ ಹಲಗೆಯ ಕೆಳಗೆ ಎಲ್ಲಿ ಹಳದಿ ಕಂಡರೂ ಅದು ಫ್ರಾಗ್, ಬೇರೇನೂ ಅಲ್ಲ.

ಎಲ್ಲ ಜೋಡಿಸಿ ಶಂಟರ್ ಬಿಟ್ಟೆ. ಬ್ಲೇಡ್ ದಾಟಿತು, ಫ್ರಾಗ್ ಮುಟ್ಟಿದ ಕೂಡಲೇ ಕೆಂಪು ದೀಪ. ಇದಕ್ಕೆ ಗಾಬರಿ ಬೇಡ. ಸ್ವಿಚ್‌ಗೆ ಹೋಗುವ ಕೆಂಪು, ಕಪ್ಪು ಅದಲುಬದಲಾಗಿದ್ದವು ಅಷ್ಟೇ. ಎರಡನ್ನೂ ಬದಲಾಯಿಸಿದೆ, ಮುಗಿಯಿತು. ಹೊಸ ವೈರಿಂಗ್‌ನಲ್ಲಿ ಖಾಲಿ ಹಳಿ ಸುಮ್ನೆ ಇದ್ದು, ಗಾಡಿಯ ಚಕ್ರ ಫ್ರಾಗಿನ ಅಂಚು ದಾಟುವಾಗ ಮಾತ್ರ ಶಾರ್ಟ್ ಆದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಸ್ವಿಚ್‌ನ ಗೊಡವೆಯೇ ಬೇಡ ಅನ್ನುವವರಿಗೆ ಡಿಸಿಸಿಯಲ್ಲಿ ಫ್ರಾಗ್ ಜ್ಯೂಸರ್ ಅನ್ನುವ ಚಿಕ್ಕ ಬೋರ್ಡ್ ಇದೆ, ಟ್ಯಾಮ್ ವ್ಯಾಲಿ ಡಿಪೋದವರದು. ಚಕ್ರ ಬಂದಾಗ ಶಾರ್ಟ್ ಆಗುವುದನ್ನು ಅದೇ ಗುರುತಿಸಿ ಫ್ರಾಗಿನ ಕರೆಂಟನ್ನು ಕ್ಷಣದಲ್ಲಿ ತಿರುಗಿಸುತ್ತದೆ. ಕೈಯಿಂದ ತಿರುಗಿಸುವ ಪಾಯಿಂಟ್‌ಗಳಿಗೆ ಒಳ್ಳೆಯದು. ನನ್ನ ಮೋಟಾರ್‌ನಲ್ಲಿ ಸ್ವಿಚ್ ಇದ್ದೇ ಇದೆ, ಹಾಗಾಗಿ ಕೊಳ್ಳಲಿಲ್ಲ.

ಪ್ಲಾಸ್ಟಿಕ್ ಫ್ರಾಗ್ ಇರುವವರು ತಮಗೆ ಈ ಕಷ್ಟವಿಲ್ಲ ಅಂದುಕೊಳ್ಳಬೇಡಿ. ಅಲ್ಲೂ ಕೆಂಪು, ಕಪ್ಪು ಹಳಿಗಳು ಫ್ರಾಗಿನ ತುದಿಯಲ್ಲಿ ಬಹಳ ಹತ್ತಿರ ಬರುತ್ತವೆ. ಅಗಲ ಚಕ್ರ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಕಿಡಿ. ಆ ತುದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಹಚ್ಚಿದರೆ ನಿಲ್ಲುತ್ತದೆ, ಸವೆದಾಗ ಮತ್ತೆ ಹಚ್ಚಬೇಕು.

ಹಲಗೆಯ ಕೆಳಗೆ ಹೇಗೂ ಮಲಗಿದ್ದೆನಲ್ಲ, ಮುಖ್ಯ ವೈರನ್ನೂ ಬದಲಾಯಿಸಿದೆ. ಮೊದಲು 0.2 ಚದರ ಮಿ.ಮೀ.ನ ತೆಳು ವೈರು ಎಳೆದಿದ್ದೆ. ಲೆಕ್ಕ ಹಾಕಿದರೆ ಹೋಗಿ ಬರುವ 6 ಮೀಟರಿಗೆ ಅದರ ರೆಸಿಸ್ಟೆನ್ಸ್ ಸುಮಾರು ಅರ್ಧ ಓಮ್. 3 ಆಂಪಿಯರ್ ಎಳೆದರೆ ದಾರಿಯಲ್ಲೇ ಒಂದೂವರೆ ವೋಲ್ಟ್ ಹೋಯಿತು. ಮನೆ ವೈರಿಂಗ್‌ಗೆ ಬಳಸುವ 1.5 ಚದರ ಮಿ.ಮೀ.ನದನ್ನು ಹಾಕಿದರೆ ನಷ್ಟ ಅದರ ಏಳನೇ ಒಂದು ಭಾಗಕ್ಕಿಂತ ಕಡಿಮೆ. ಬರೀ ವೇಗದ ಪ್ರಶ್ನೆ ಅಲ್ಲ ಇದು. ವೈರು ತೆಳುವಿದ್ದರೆ ದೂರದ ತುದಿಯಲ್ಲಿ ಶಾರ್ಟ್ ಆದಾಗ ಬೂಸ್ಟರಿಗೆ ಅದು ಶಾರ್ಟ್ ಅಂತಲೇ ಗೊತ್ತಾಗದೆ ಕರೆಂಟ್ ಹರಿಸುತ್ತಲೇ ಇರಬಹುದು, ವೈರು ಬಿಸಿಯಾಗಬಹುದು. ಒಂದು ನಾಣ್ಯ ತಗೊಂಡು ಹಳಿಗಳ ಮೇಲೆ ಅಡ್ಡ ಇಡಿ. ಪ್ರತಿ ಪಾಯಿಂಟಿನ ಆಚೆ, ಪ್ರತಿ ಸೈಡಿಂಗ್ ತುದಿಯಲ್ಲಿ. ಎಲ್ಲಿಟ್ಟರೂ ಬೂಸ್ಟರ್ ಆ ಕ್ಷಣವೇ ಕಡಿಯಬೇಕು. ಕಡಿಯದ ಜಾಗಕ್ಕೆ ಹೊಸ ಫೀಡರ್ ಬೇಕು. ಫಿಶ್‌ಪ್ಲೇಟ್ ಮೂಲಕ ಕರೆಂಟ್ ಹೋಗುತ್ತದೆ ಅಂತ ನಂಬಬೇಡಿ, ನಮ್ಮ ತೇವದ ಹವೆಯಲ್ಲಿ ಎರಡು ಮಳೆಗಾಲಕ್ಕೆ ಅದು ಸಡಿಲವಾಗಿ ಕಪ್ಪಾಗುತ್ತದೆ. ಕರಾವಳಿಯವರಿಗಂತೂ ನಾನು ಹೇಳಬೇಕಾಗಿಯೇ ಇಲ್ಲ.

ಕಳೆದ ಶನಿವಾರ ರಾತ್ರಿ ಕೋಣೆಯ ದೀಪ ಆರಿಸಿ, ಸ್ಟೇಷನ್ನಿನ ಎರಡು ಚಿಕ್ಕ ಬಲ್ಬ್ ಮಾತ್ರ ಉಳಿಸಿ, ಮಗಳು ಶಂಟರನ್ನು ಅತಿ ಕಡಿಮೆ ವೇಗದಲ್ಲಿ ಲೂಪಿಗೆ ಬಿಟ್ಟಳು. ಮೂರನೇ ಪಾಯಿಂಟಿನ ಫ್ರಾಗ್ ಮೇಲೆ ಬಂದಾಗ ಬೇಕೆಂದೇ ನಿಲ್ಲಿಸಿದಳು. ಇಂಜಿನ್ನಿನ ದೀಪ ಉರಿಯುತ್ತಲೇ ಇತ್ತು. ಹತ್ತು ಎಣಿಸಿ ಮತ್ತೆ ಹೊರಡಿಸಿದಳು. ಜಗ್ಗಲಿಲ್ಲ, ತಳ್ಳಬೇಕಾಗಲಿಲ್ಲ. ಸಿಗ್ನಲ್ ಹಿರಿಯರು ಕಾಫಿ ಲೋಟ ಕೆಳಗಿಟ್ಟು, "ಇನ್ನೊಂದು ಸಲ ಮಾಡಮ್ಮಾ" ಅಂದರು.

ಎರಡು, ಮೂರು, ನಾಲ್ಕು ಮುಗಿದಿವೆ. ಒಂದು ಮತ್ತು ಐದನೇ ಪಾಯಿಂಟ್ ಇನ್ನೂ ಹಳೆಯ ವೈರಿಂಗ್‌ನಲ್ಲೇ ಇವೆ. ಹಳದಿ ಸುರುಳಿಯಲ್ಲಿ ನಾಲ್ಕೈದು ಮೀಟರ್ ಉಳಿದಿದೆ, ಈ ಭಾನುವಾರ ಐದನೆಯದನ್ನು ಎತ್ತುತ್ತೇನೆ.